ಅಂಗಳಕ್ಕೊಂದು ದೂರದರ್ಶಕ

ದೂರದರ್ಶಕವನ್ನು ಕೊಳ್ಳಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ?" ಮಾರುವವರಿಗೂ ಈ ಪ್ರಶ್ನೆ ಬಲು ಇಷ್ಟ. ಆದ್ದರಿಂದಲೇ ರಟ್ಟಿನ ಪೆಟ್ಟಿಗೆಯ ಮೇಲೆ ಬಣ್ಣಬಣ್ಣದ ಶನಿಗ್ರಹದ ಚಿತ್ರ, ಅದರ ಕೆಳಗೆ "೫೨೫ ಪಟ್ಟು" ಎಂಬ ದಪ್ಪ ಅಕ್ಷರ. ಈ ಸಂಖ್ಯೆಯನ್ನು ಕಟ್ಟಕಡೆಗೆ ವಿಚಾರಿಸಿದರೆ ಸಾಕು. ಎಲ್ಲಿ ನಿಂತು ನೋಡುತ್ತೇವೆ, ಅಲ್ಲಿಂದ ಆಕಾಶದ ಯಾವ ಭಾಗ ಎಷ್ಟು ಕಾಣುತ್ತದೆ, ಉಪಕರಣವನ್ನು ಹೊರಗೆ ಹೊತ್ತು ತರುವವರು ಯಾರು, ಮಳೆಗಾಲದ ನಾಲ್ಕು ತಿಂಗಳು ಅದು ಎಲ್ಲಿರಬೇಕು, ಇವಕ್ಕೆ ಉತ್ತರ ಸಿಕ್ಕಿದ ಮೇಲೆ ಆಯ್ಕೆ ಅರ್ಧ ಮುಗಿದಂತೆಯೇ. ಹಾಗಾಗಿ ಈ ವಿಷಯವನ್ನು ಊರು ಬಿಟ್ಟು ಹೇಳುವ ಹಾಗಿಲ್ಲ. ನಾನು ವಿಟ್ಲ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡು ಮಾತನಾಡುತ್ತೇನೆ. ಪುತ್ತೂರು, ಬೆಳ್ತಂಗಡಿ, ಮೂಡುಬಿದಿರೆಯವರಿಗೂ, ಗಡಿಯಾಚೆಯ ಪೆರ್ಲ, ಬದಿಯಡ್ಕದವರಿಗೂ ಇದು ಹೆಚ್ಚುಕಡಿಮೆ ಹಾಗೆಯೇ ಸಲ್ಲುತ್ತದೆ.

ಈ ಭಾಷಣಕ್ಕೆ ಕಾರಣರಾದವರು ವಿಟ್ಲದ ಆಸುಪಾಸಿನ ಅಡಿಕೆ ಕೃಷಿಕರೊಬ್ಬರು. ಅವರ ಮಗಳು ಪ್ರೌಢಶಾಲೆಯ ವಿದ್ಯಾರ್ಥಿನಿ. ಎರಡು ವರ್ಷಗಳಿಂದ ಅಂಗಳದಲ್ಲಿ ನಿಂತು ತಾನಾಗಿ ನಕ್ಷತ್ರಗಳ ಹೆಸರು ಕಲಿತಿದ್ದಾಳೆ. ಮಹಾವ್ಯಾಧ, ಲುಬ್ಧಕ, ಅಗಸ್ತ್ಯ, ವೃಶ್ಚಿಕ ಎಲ್ಲ ಅವಳಿಗೆ ಪರಿಚಿತರು. "ಮಾಷ್ಟ್ರೇ, ಅಡಿಕೆ ಕೊಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದಿಟ್ಟಿದ್ದೇನೆ. ಯಾವುದನ್ನು ತರುವುದು?" ಎಂದು ಅವರು ಕೇಳಿದರು. ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದಿರುವ ವಿಷಯ ಸಣ್ಣದಲ್ಲ. ಕೆಟ್ಟ ದೂರದರ್ಶಕವೊಂದು ಮನೆಗೆ ಬಂದರೆ ಒಂದು ವಾರ ಕುತೂಹಲ, ಎರಡನೆಯ ವಾರ ಬೇಸರ, ಮೂರನೆಯ ವಾರ ಅಟ್ಟ. ಹಾಗೆ ಅಟ್ಟ ಸೇರಿದ ಮೂರು ನಾಲ್ಕು ಉಪಕರಣಗಳನ್ನು ನಾನೇ ನೋಡಿದ್ದೇನೆ. ಹೋದ ದುಡ್ಡು ಇನ್ನೊಂದು ಬೆಳೆಯಲ್ಲಿ ಬಂದೀತು. ಆದರೆ ಏನೂ ಕಾಣದೆ ಕಣ್ಣು ನೋಯಿಸಿಕೊಂಡ ಮಗು, ದೋಷ ಉಪಕರಣದ್ದೆಂದು ತಿಳಿಯುವುದಿಲ್ಲ. ಇದು ತನ್ನಿಂದಾಗುವ ವಿದ್ಯೆಯಲ್ಲವೆಂದು ಮೌನವಾಗಿ ತೀರ್ಮಾನಿಸಿಬಿಡುತ್ತದೆ.

ದೂರದರ್ಶಕದ ಮೊದಲ ಕೆಲಸ ಬೆಳಕನ್ನು ಕೂಡಿಹಾಕುವುದು. ಜಡಿಮಳೆಯಲ್ಲಿ ಒಂದು ಚೊಂಬನ್ನೂ ಒಂದು ಕೊಪ್ಪರಿಗೆಯನ್ನೂ ಅಂಗಳದಲ್ಲಿಟ್ಟರೆ ಎರಡಕ್ಕೂ ಬೀಳುವ ಮಳೆ ಒಂದೇ. ಬಾಯಿ ಅಗಲವಾದದ್ದಕ್ಕೆ ನೀರು ಹೆಚ್ಚು. ಕತ್ತಲೆಗೆ ಪೂರ್ತಿ ಹೊಂದಿಕೊಂಡ ಎಳೆಯರ ಕಣ್ಣಪಾಪೆಯ ಅಗಲ ಸುಮಾರು ೭ ಮಿಲಿಮೀಟರು. ೬೦ ಮಿಲಿಮೀಟರು ಅಗಲದ ಮಸೂರ ಅದಕ್ಕಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ೧೫೦ ಮಿಲಿಮೀಟರಿನ ಕನ್ನಡಿ ನಾಲ್ಕುನೂರೈವತ್ತು ಪಟ್ಟಿಗೂ ಮಿಕ್ಕಿ. ಅಗಲ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು ಎಂಬ ಲೆಕ್ಕ ಇದು. ಸೂಕ್ಷ್ಮ ವಿವರಗಳನ್ನು ಬಿಡಿಸಿ ತೋರಿಸುವ ಶಕ್ತಿಯೂ ಈ ಅಗಲವನ್ನೇ ಅವಲಂಬಿಸಿದೆ. ಒಂದೇ ಚುಕ್ಕೆಯಾಗಿ ಕಾಣುವ ಜೋಡಿ ನಕ್ಷತ್ರಗಳು ಬೇರೆಬೇರೆಯಾಗುವುದು, ಗುರುವಿನ ಮೈಮೇಲಿನ ಪಟ್ಟೆಗಳು ತೋರುವುದು ಮಸೂರ ಅಥವಾ ಕನ್ನಡಿ ಅಗಲವಾದಾಗ.

ಹಿಗ್ಗುವಿಕೆಯ ಸಂಗತಿ ಬೇರೆ. ಮುಖ್ಯ ಮಸೂರದ ಸಂಗಮದೂರವನ್ನು ನೇತ್ರಕದ ಸಂಗಮದೂರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ನೇತ್ರಕವನ್ನು ಬದಲಿಸಿದರೆ ಅದೂ ಬದಲಾಗುತ್ತದೆ. ಆ "೫೨೫ ಪಟ್ಟು" ಹೇಗೆ ಹುಟ್ಟುತ್ತದೆಂದು ನೋಡೋಣ. ಅಗಲ ೬೦, ಸಂಗಮದೂರ ೭೦೦ ಮಿಲಿಮೀಟರು ಇರುವ ಕೊಳವೆ. ಅದಕ್ಕೆ ೪ ಮಿಲಿಮೀಟರಿನ ನೇತ್ರಕ ಹಾಕಿದರೆ ೧೭೫ ಪಟ್ಟು. ನಡುವೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೊ ಮಸೂರವನ್ನು ಸೇರಿಸಿದರೆ ೫೨೫. ಗಣಿತ ಸುಳ್ಳಲ್ಲ; ಕಾಣುವುದು ಮಾತ್ರ ಏನೂ ಇಲ್ಲ. ಅಗಲದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟಿನಂತೆ ಹಿಗ್ಗಿಸಬಹುದೆಂಬುದು ಹವ್ಯಾಸಿಗಳು ಒಪ್ಪಿಕೊಂಡು ಬಂದ ಮಿತಿ. ೬೦ ಮಿಲಿಮೀಟರಿಗೆ ಅದು ೧೨೦. ಅದನ್ನು ದಾಟಿದರೆ ಇದ್ದ ಅಲ್ಪ ಬೆಳಕೇ ತೆಳುವಾಗಿ ಹರಡಿ, ಹಾಲಿಗೆ ನೀರು ಬೆರೆಸಿದಂತೆ ಆಗುತ್ತದೆ. ಶನಿಯ ಬಳೆಗಳನ್ನು ಗುರುತಿಸಲು ಮೂವತ್ತು ಪಟ್ಟು ಸಾಕು. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳಿಗೆ ಅಷ್ಟೂ ಬೇಡ. ೧೬೧೦ರಲ್ಲಿ ಗೆಲಿಲಿಯೋ ಅವನ್ನು ಕಂಡದ್ದು ಸುಮಾರು ಇಪ್ಪತ್ತು ಪಟ್ಟಿನ ಕೊಳವೆಯಲ್ಲಿ. ಒಮ್ಮೆ ಪೇಟೆಯ ಅಂಗಡಿಯೊಂದರಿಂದ ಬಂದ ಇಂಥ ಉಪಕರಣವನ್ನು ಪರೀಕ್ಷಿಸುವ ಯೋಗ ನನಗೆ ಒದಗಿತ್ತು. ಮುಕ್ಕಾಲಿಯ ಕಾಲುಗಳು ಕೊಡೆಯ ಕಡ್ಡಿಯಷ್ಟು ತೆಳು. ಗುರುಗ್ರಹ ಅದರಲ್ಲಿ ಕಾದ ಕಾವಲಿಯ ಮೇಲೆ ಬಿದ್ದ ನೀರಹನಿಯಂತೆ ಕುಣಿಯುತ್ತಿತ್ತು. ಗಾಜು ಅಷ್ಟೇನೂ ಕೆಟ್ಟದಿರಲಿಲ್ಲ. ಅದನ್ನು ಹೊತ್ತ ಪೀಠವೇ ಅದನ್ನು ಕೊಂದಿತ್ತು.

ಇನ್ನು ನಮ್ಮ ಆಕಾಶ. ವಿಟ್ಲದ ಅಕ್ಷಾಂಶ ಉತ್ತರಕ್ಕೆ ಸುಮಾರು ೧೨.೮ ಡಿಗ್ರಿ. ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ ಕವಲೂರಿನ ವೇಧಶಾಲೆ ಇದೆಯಷ್ಟೆ. ಅದರ ಅಕ್ಷಾಂಶಕ್ಕೂ ನಮ್ಮದಕ್ಕೂ ಇರುವ ಅಂತರ ಕಾಲು ಡಿಗ್ರಿಗಿಂತ ಕಡಿಮೆ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅಲ್ಲಿಂದ ಉತ್ತರ ದಕ್ಷಿಣ ಎರಡೂ ಗೋಳಾರ್ಧಗಳ ಆಕಾಶ ಚೆನ್ನಾಗಿ ಸಿಗುತ್ತದೆ. ಅದೇ ಸೌಕರ್ಯ ನಮ್ಮ ಅಂಗಳಕ್ಕೂ ಉಂಟು. ನಾವು ಅದನ್ನು ಗಮನಿಸಿಲ್ಲವಷ್ಟೆ. ಲಂಡನ್ನಿನಲ್ಲಿ ಗ್ರಹಗಳು ಕೆಲವು ವರ್ಷ ದಿಗಂತದಿಂದ ಹದಿನೈದು ಡಿಗ್ರಿಯ ಆಚೀಚೆಯಲ್ಲೇ ತೆವಳಿ ಮುಳುಗುತ್ತವೆ, ನಡುಗುವ ದಪ್ಪ ಗಾಳಿಯ ಮೂಲಕ ಅವನ್ನು ನೋಡಬೇಕು. ವಿಟ್ಲದಲ್ಲಿ ಗುರುವಾಗಲಿ ಶನಿಯಾಗಲಿ ನಡುಬಾನಿಗೆ ಬಂದಾಗ ಐವತ್ತು ಡಿಗ್ರಿಗಿಂತ ಕೆಳಗೆ ಇರುವುದೇ ಇಲ್ಲ. ಅನೇಕ ವರ್ಷ ನೆತ್ತಿಯ ಸಮೀಪವೇ ಹಾದುಹೋಗುತ್ತವೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿದರೆ, ಕಿನ್ನರ ಮಂಡಲದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಮೂವತ್ತು ಡಿಗ್ರಿ ಎತ್ತರದಲ್ಲಿರುತ್ತದೆ. ಲಕ್ಷಾಂತರ ನಕ್ಷತ್ರಗಳ ಆ ಗೂಡು ಲಂಡನ್ನಿನವರಿಗೆ ಎಂದೂ ಉದಯಿಸುವುದಿಲ್ಲ. ಅಲ್ಲಿನವರು ಬರೆದ ಪುಸ್ತಕಗಳನ್ನು ನೋಡಿ ದೂರದರ್ಶಕ ಕೊಳ್ಳುವವರು ಇದನ್ನು ನೆನಪಿಡಬೇಕು. ಅವರ ಆಕಾಶ ಬೇರೆ, ಅವರಿಗೆ ಒಪ್ಪುವ ಪೀಠವೂ ಬೇರೆ.

ಪೀಠದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಹಲವರ ದುಡ್ಡು ವ್ಯರ್ಥವಾಗುವುದು ಇಲ್ಲಿ. "ಇಕ್ವಟೋರಿಯಲ್" ಎಂಬ ಪೀಠವೊಂದುಂಟು. ನೋಡಲು ಗಂಭೀರ, ಹಲ್ಲುಚಕ್ರಗಳು, ಅಂಶಗಳನ್ನು ಕೊರೆದ ಬಳೆಗಳು, ಎದುರುಭಾರದ ಗುಂಡು. ಅದರ ಒಂದು ಅಚ್ಚನ್ನು ಧ್ರುವ ನಕ್ಷತ್ರದತ್ತ ಗುರಿಯಿಟ್ಟರೆ, ಭೂಮಿ ತಿರುಗುವುದರಿಂದ ಸರಿದುಹೋಗುವ ನಕ್ಷತ್ರವನ್ನು ಒಂದೇ ತಿರುಪಿನಿಂದ ಹಿಂಬಾಲಿಸಬಹುದು. ಯುಕ್ತಿ ಚೆನ್ನಾಗಿದೆ. ಆದರೆ ಧ್ರುವ ನಮಗೆ ಕಾಣುವುದು ದಿಗಂತದಿಂದ ಹದಿಮೂರೇ ಡಿಗ್ರಿ ಮೇಲೆ. ಐವತ್ತು ಅಡಿ ಎತ್ತರದ ಕಂಗು ನೂರೈವತ್ತು ಅಡಿ ದೂರದಲ್ಲಿದ್ದರೂ ನಿಂತವನ ಕಣ್ಣಿಗೆ ಹದಿನಾರು ಡಿಗ್ರಿಗೂ ಮಿಕ್ಕಿ ಆಕಾಶವನ್ನು ಮರೆಮಾಡುತ್ತದೆ. ಮನೆಯ ಬಡಗು ದಿಕ್ಕಿಗೆ ತೋಟವಿದ್ದವರು ಧ್ರುವನನ್ನು ಕಾಣುವ ಆಸೆಯನ್ನು ಬಿಡಬೇಕು. ಕೃಷಿಕರ ಮಗಳು ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದಳು. ಸಪ್ತರ್ಷಿಗಳ ಮೊದಲೆರಡು ನಕ್ಷತ್ರಗಳಿಂದ ಗೆರೆ ಎಳೆದರೆ ಅದು ತೋಟದೊಳಗೆ ಹೋಗಿ ಬೀಳುತ್ತದೆ ಎಂದು ಅವಳ ದೂರು. ಮೇಲಾಗಿ ಅಗ್ಗದ ಇಂಥ ಪೀಠಗಳು ಮೂವತ್ತರಿಂದ ಅರುವತ್ತು ಡಿಗ್ರಿಯ ಅಕ್ಷಾಂಶದವರನ್ನು ಎಣಿಸಿ ಮಾಡಿದವು. ಹದಿಮೂರು ಡಿಗ್ರಿಗೆ ಬಗ್ಗಿಸಿದರೆ ಕೆಲವು ಬಗ್ಗುವುದೇ ಇಲ್ಲ. ಬಗ್ಗಿದವುಗಳಲ್ಲಿ ಎದುರುಭಾರದ ದಂಡ ಮುಕ್ಕಾಲಿಯ ಕಾಲಿಗೆ ತಾಗುತ್ತದೆ. ಆದುದರಿಂದ ಹೊಸಬರಿಗೆ ನನ್ನ ಸಲಹೆ: ಆ ಪೀಠ ಬೇಡ. ಎಡಬಲಕ್ಕೂ ಮೇಲೆ ಕೆಳಗೂ ಸರಳವಾಗಿ ತಿರುಗುವ ಪೀಠವೇ ನಮಗೆ ತಕ್ಕದ್ದು.

ಮಸೂರದ ದೂರದರ್ಶಕವೋ ಕನ್ನಡಿಯದೋ ಎಂಬ ಚರ್ಚೆ ಹಳೆಯದು. ೧೬೦೮ರಲ್ಲಿ ಹಾಲೆಂಡಿನಲ್ಲಿ ಬೆಳಕಿಗೆ ಬಂದದ್ದು ಮಸೂರದ ಬಗೆ. ಒಂಟಿ ಮಸೂರ ಬೆಳಕನ್ನು ಬಣ್ಣಗಳಾಗಿ ಒಡೆಯುವುದರಿಂದ ಬಿಂಬದ ಅಂಚಿಗೆ ನೇರಳೆಯ ಹೊಗೆ ಸುತ್ತಿಕೊಳ್ಳುತ್ತಿತ್ತು. ೧೬೬೮ರಲ್ಲಿ ನ್ಯೂಟನ್ ಮಸೂರಕ್ಕೆ ಬದಲಾಗಿ ನಿಮ್ನ ದರ್ಪಣವನ್ನು ಬಳಸಿ ಆ ತೊಡಕಿನಿಂದ ಪಾರಾದ. ಇಂದು ಎರಡೂ ಬಗೆಗಳಲ್ಲಿ ಒಳ್ಳೆಯವು ದೊರೆಯುತ್ತವೆ. ಮಸೂರದ್ದು ಗಟ್ಟಿಮುಟ್ಟು, ನಿರ್ವಹಣೆ ಕಡಿಮೆ. ಆದರೆ ಅಗಲ ಹೆಚ್ಚಿದಂತೆ ಬೆಲೆ ವಿಪರೀತ ಏರುತ್ತದೆ. ಮತ್ತೊಂದು ತೊಂದರೆ ವಿಶೇಷವಾಗಿ ನಮ್ಮದು. ಗ್ರಹಗಳು ನೆತ್ತಿಯ ಮೇಲಿರುವ ಊರಿನಲ್ಲಿ ಮಸೂರದ ಕೊಳವೆಯನ್ನು ಮೇಲಕ್ಕೆತ್ತಿದರೆ ಕಣ್ಣಿಡುವ ತುದಿ ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತದೆ. ನೋಟವನ್ನು ತೊಂಬತ್ತು ಡಿಗ್ರಿ ತಿರುಗಿಸುವ ಮೂಲೆಗನ್ನಡಿ ಜೊತೆಗಿಲ್ಲದಿದ್ದರೆ ನೆಲದ ಮೇಲೆ ಮಲಗಿಯೇ ನೋಡಬೇಕು. ನ್ಯೂಟನ್ನನ ಬಗೆಯಲ್ಲಿ ಕಣ್ಣಿಡುವ ಜಾಗ ಕೊಳವೆಯ ಮೇಲುತುದಿಯ ಪಕ್ಕದಲ್ಲಿ. ಕುರ್ಚಿಯಲ್ಲಿ ಕುಳಿತು ಆರಾಮವಾಗಿ ನೋಡಬಹುದು.

ಈ ಕನ್ನಡಿಯ ಕೊಳವೆಯನ್ನು ಹಲಗೆಗಳ ಗಟ್ಟಿ ಪೆಟ್ಟಿಗೆಯೊಂದರಲ್ಲಿ ಕೂರಿಸಿ, ಫಿರಂಗಿಯಂತೆ ತಿರುಗುವ ಹಾಗೆ ಮಾಡಿ, ಎಲ್ಲರ ಕೈಗೆಟುಕಿಸಿದವರು ಜಾನ್ ಡಾಬ್ಸನ್. ಅಮೆರಿಕೆಯಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸೊಸೈಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂನ್ಯಾಸಿಯಾಗಿದ್ದವರು. ಮಠದಲ್ಲಿದ್ದಾಗಲೇ ಸಿಕ್ಕಿದ ಗಾಜನ್ನು ಉಜ್ಜಿ ಕನ್ನಡಿ ಮಾಡುತ್ತಿದ್ದರು. ೧೯೬೭ರಲ್ಲಿ ಮಠವನ್ನು ತೊರೆಯಬೇಕಾಗಿ ಬಂದದ್ದಕ್ಕೂ ಈ ದೂರದರ್ಶಕದ ಹುಚ್ಚೇ ಕಾರಣವಂತೆ. ಬಳಿಕ ಸಾನ್‌ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ಅದನ್ನು ನಿಲ್ಲಿಸಿ, ಹೋಗಿ ಬರುವವರಿಗೆಲ್ಲ ಚಂದ್ರನನ್ನು ತೋರಿಸಿದರು. ಇಂದು ಅಂಥ ಪೀಠಕ್ಕೆ ಅವರ ಹೆಸರೇ ನಿಂತಿದೆ: ಡಾಬ್ಸೋನಿಯನ್. ಇದರಲ್ಲಿ ಕೊಟ್ಟ ದುಡ್ಡಿನ ಹೆಚ್ಚಿನ ಪಾಲು ಕನ್ನಡಿಗೆ ಹೋಗುತ್ತದೆ, ಅಲಂಕಾರಕ್ಕಲ್ಲ. ಒಂದು ಕೊರತೆಯನ್ನೂ ಹೇಳಬೇಕು. ಸರಿಯಾಗಿ ನೆತ್ತಿಯಲ್ಲಿರುವ ವಸ್ತುವಿನತ್ತ ಅದನ್ನು ತಿರುಗಿಸುವುದು ಒರಟಾಗುತ್ತದೆ. ಅರ್ಧ ಗಂಟೆ ಕಾದರೆ ಭೂಮಿಯೇ ಆ ತೊಡಕನ್ನು ಪರಿಹರಿಸುತ್ತದೆ.

ಆರು ಅಂಗುಲ, ಎಂದರೆ ಸುಮಾರು ೧೫೦ ಮಿಲಿಮೀಟರು ಅಗಲದ, ೧೨೦೦ ಮಿಲಿಮೀಟರು ಸಂಗಮದೂರದ ಡಾಬ್ಸೋನಿಯನ್ ಅನ್ನು ನಾನು ಈ ಸೀಮೆಗೆ ಸೂಚಿಸುತ್ತೇನೆ. ಕೊಳವೆ ನಾಲ್ಕಡಿಯ ಸುಮಾರಿನದು. ೨೫ ಮಿಲಿಮೀಟರಿನ ನೇತ್ರಕದಲ್ಲಿ ೪೮ ಪಟ್ಟು ಹಿಗ್ಗಿ, ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಆಕಾಶ ಒಮ್ಮೆಗೇ ಕಾಣುತ್ತದೆ. ೧೦ ಮಿಲಿಮೀಟರಿನದರಲ್ಲಿ ೧೨೦ ಪಟ್ಟು. ಇವೆರಡು ನೇತ್ರಕಗಳು ಬಹುಕಾಲ ಸಾಕು. ಎಂಟು ಅಂಗುಲದ್ದು ಹೆಚ್ಚು ತೋರಿಸುತ್ತದೆಂಬುದು ನಿಜ. ಆದರೆ ಅದನ್ನು ಜಗಲಿಯಿಂದ ಅಂಗಳಕ್ಕೆ ಇಳಿಸಲು ಹದಿನಾಲ್ಕರ ಹುಡುಗಿ ಪ್ರತಿದಿನ ಅಪ್ಪನನ್ನು ಕರೆಯಬೇಕು. ಅಪ್ಪ ತೋಟದ ಕೆಲಸದಿಂದ ದಣಿದು ಬಂದ ದಿನ ಅದು ಒಳಗೇ ಉಳಿಯುತ್ತದೆ. ಇದನ್ನೇ ಆ ಕೃಷಿಕರಿಗೆ ಹೇಳಿದೆ. ಅಡಿಕೆ ಅಂಗಳಕ್ಕೂ ಒಂದು ಗುಣವುಂಟು: ತೋಟಗಳ ನಡುವೆ ಆಕಾಶ ತೆರೆದಿರುವ ಜಾಗ ನಮ್ಮ ಮನೆಗಳಲ್ಲಿ ಅದೊಂದೇ. ಅಡಿಕೆ ಹರವಿದ ಕಾಲವೂ ಆಕಾಶ ಶುಭ್ರವಾಗಿರುವ ಕಾಲವೂ ಒಂದೇ ಆದ್ದರಿಂದ ಒಂದು ಮೂಲೆಯನ್ನು ಬಿಡಿಸಿಕೊಳ್ಳಬೇಕಾದೀತು. ದಕ್ಷಿಣದ ಒಮೆಗಾ ಸೆಂಟಾರಿ, ತ್ರಿಶಂಕು ಮೊದಲಾದವನ್ನು ಪೂರ್ತಿ ಕಾಣಬೇಕಾದರೆ ಹತ್ತಿರದ ಪದವಿಗೆ ಹತ್ತಬೇಕು. ಮುರಕಲ್ಲಿನ ಆ ಬಯಲುಗಳಲ್ಲಿ ದಿಗಂತದವರೆಗೆ ಆಕಾಶ ಸಿಗುತ್ತದೆ.

ಆದರೆ ಮೊದಲ ವರ್ಷ ಆರು ಅಂಗುಲದ್ದೂ ಬೇಡ ಎಂದರೆ ನೀವು ಆಶ್ಚರ್ಯಪಡಬಹುದು. ಒಂದು ಸಾಮಾನ್ಯ ಬೈನಾಕ್ಯುಲರು, ಅದರ ಮೇಲೆ ೭×೫೦ ಅಥವಾ ೧೦×೫೦ ಎಂದು ಬರೆದಿರುತ್ತದೆ, ಮೊದಲು ಬರಲಿ. ಮೊದಲ ಅಂಕಿ ಹಿಗ್ಗುವಿಕೆ, ಎರಡನೆಯದು ಮಸೂರದ ಅಗಲ. ಕೈ ನಡುಗದಂತೆ ಜಗಲಿಯ ಕಂಬಕ್ಕೆ ಒರಗಿ ನೋಡಿದರೆ ಕೃತ್ತಿಕೆಯ ಆರು ಚುಕ್ಕೆ ಹತ್ತಾರು ಆಗುತ್ತವೆ, ಮಹಾವ್ಯಾಧನ ಖಡ್ಗದಲ್ಲಿ ಮಂಜಿನ ತುಣುಕು ಮೂಡುತ್ತದೆ, ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಕ್ಸಿ ಮಸುಕು ಮೊಟ್ಟೆಯಂತೆ ತೋರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಿ ಏನಿದೆಯೆಂಬ ದಾರಿ ಪರಿಚಯವಾಗುತ್ತದೆ. ದೂರದರ್ಶಕ ತೋರಿಸುವ ಆಕಾಶ ತೀರ ಚಿಕ್ಕದು. ದಾರಿ ಗೊತ್ತಿಲ್ಲದವನಿಗೆ ಅದು ಬೀಗದ ತೂತಿನಲ್ಲಿ ಊರು ನೋಡಿದಂತೆ. ಕನ್ನಡದಲ್ಲಿ ಇದನ್ನು ಕಲಿಯಲು ಜಿ. ಟಿ. ನಾರಾಯಣರಾಯರ 'ನಕ್ಷತ್ರ ವೀಕ್ಷಣೆ'ಯಂಥ ಪುಸ್ತಕಗಳಿವೆ.

ಈ ಕ್ರಮಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ನಿದರ್ಶನವುಂಟು. ರಾಧಾಗೋವಿಂದ ಚಂದ್ರ ಎಂಬವರು ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ಸರಕಾರಿ ಖಜಾನೆಯಲ್ಲಿ ಸಾಮಾನ್ಯ ನೌಕರರು. ೧೯೧೦ರಲ್ಲಿ ಹ್ಯಾಲಿ ಧೂಮಕೇತುವನ್ನು ಬೈನಾಕ್ಯುಲರಿನಲ್ಲಿ ಗಮನಿಸಿದರು. ಆಮೇಲೆ ಮೂರು ಅಂಗುಲದ ಒಂದು ದೂರದರ್ಶಕ ತರಿಸಿಕೊಂಡರು. ಹೊಳಪು ಏರಿ ಇಳಿಯುವ ನಕ್ಷತ್ರಗಳನ್ನು ರಾತ್ರಿ ರಾತ್ರಿ ನೋಡಿ ಲೆಕ್ಕ ಬರೆದು ಅಮೆರಿಕೆಯ ಚಂಚಲ ನಕ್ಷತ್ರ ವೀಕ್ಷಕರ ಸಂಘಕ್ಕೆ ಕಳುಹಿಸುತ್ತ ಬಂದರು. ಅವರ ಕೆಲಸದ ಅಚ್ಚುಕಟ್ಟನ್ನು ಕಂಡು ಆ ಸಂಘ ಆರು ಅಂಗುಲದ ಒಂದು ದೂರದರ್ಶಕವನ್ನು ಅವರಿಗೆ ಕಳುಹಿಸಿಕೊಟ್ಟಿತು. ಅವರು ದಾಖಲಿಸಿದ ವೀಕ್ಷಣೆಗಳ ಸಂಖ್ಯೆ ಮೂವತ್ತೇಳು ಸಾವಿರಕ್ಕೂ ಹೆಚ್ಚು. ಅವರ ಬಳಿಕ ಆ ದೂರದರ್ಶಕ ವೈನು ಬಾಪು ಅವರ ಕೈಗೆ ಬಂದು, ಕೊನೆಗೆ ಕವಲೂರನ್ನು ಸೇರಿತು. ಬೈನಾಕ್ಯುಲರು, ಮೂರು ಅಂಗುಲ, ಆರು ಅಂಗುಲ: ಒಂದೊಂದು ಮೆಟ್ಟಿಲಿನ ಕೆಲಸ ಮುಗಿದ ಮೇಲೆ ಮುಂದಿನದು.

ಮಳೆಗಾಲಕ್ಕೆ ಬರೋಣ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶದ ಮಾತೇ ಇಲ್ಲ. ೨೦೨೦ರ ಜುಲೈಯಲ್ಲಿ ನಿಯೋವೈಸ್ ಧೂಮಕೇತು ಲೋಕಕ್ಕೆಲ್ಲ ಕಂಡಾಗ ನಮಗೆ ಮೋಡವೇ ಗತಿ. ಆ ನಾಲ್ಕು ತಿಂಗಳಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ ಹಿಡಿಯುವ ಬೂಷ್ಟು ಗಾಜನ್ನೂ ಬಿಡುವುದಿಲ್ಲ. ಮಸೂರದ ಮೇಲೆ ಜೇಡರ ಬಲೆಯಂತೆ ಎಳೆಯೆಳೆಯಾಗಿ ಹಬ್ಬಿ, ಅದರ ಲೇಪವನ್ನೇ ತಿಂದುಹಾಕುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗದು. ಬೈನಾಕ್ಯುಲರನ್ನೂ ನೇತ್ರಕಗಳನ್ನೂ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಿ. ಬಣ್ಣ ಬದಲಿಸುವ ಹರಳಾದರೆ ತೇವ ಹೀರಿದ್ದು ಕಣ್ಣಿಗೇ ತಿಳಿಯುತ್ತದೆ. ಬಾಣಲೆಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು. ಕೊಳವೆ ಡಬ್ಬಿಯಲ್ಲಿ ಹಿಡಿಸದು. ಅದಕ್ಕೆ ಎರಡು ಕಡೆಯೂ ಮುಚ್ಚಳ ಹಾಕಿ, ಮರದ ಕಪಾಟಿನಲ್ಲಿ ಅಡ್ಡವಾಗಿ ಮಲಗಿಸಿ, ಕಪಾಟಿನಲ್ಲೊಂದು ಹಳೆಯ ಬಗೆಯ ಸಣ್ಣ ಬಲ್ಬನ್ನು ಉರಿಸಬೇಕು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು, ಅದು ಬಿಸಿಯಾಗುವುದು ಕಡಿಮೆ. ಕೊಬ್ಬರಿಯನ್ನು ಬೆಚ್ಚಗಿಡುವ ಒಲೆಯ ಮೇಲಣ ಅಟ್ಟ ಒಣಗಿದ ಜಾಗವೇನೋ ಹೌದು. ಹೊಗೆಯ ಜಿಡ್ಡು ಕನ್ನಡಿಗೆ ಕೂಡಿದರೆ ಮುಗಿಯಿತು. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ತೆರೆದ ಕೊಳವೆಯೆಂದರೆ ಬಹಳ ಪ್ರೀತಿ, ಅದನ್ನೂ ನೋಡಿಕೊಳ್ಳಬೇಕು. ಕನ್ನಡಿಯ ಮೇಲೆ ಸ್ವಲ್ಪ ಧೂಳು ಕಂಡಿತೆಂದು ಬಟ್ಟೆಯಿಂದ ಒರೆಸಬೇಡಿ. ಧೂಳಿನಿಂದ ಆಗುವ ನಷ್ಟ ಅತ್ಯಲ್ಪ, ಗೀರಿನಿಂದ ಆಗುವುದು ಶಾಶ್ವತ.

ಸೂರ್ಯನ ಬಗ್ಗೆ ಒಂದು ಎಚ್ಚರಿಕೆ. ಅಗ್ಗದ ಪೆಟ್ಟಿಗೆಗಳಲ್ಲಿ ನೇತ್ರಕಕ್ಕೆ ತಿರುಪಿ ಹಾಕುವ ಕಪ್ಪು ಗಾಜೊಂದು ಬರುತ್ತದೆ, ಸೂರ್ಯನನ್ನು ನೋಡಲೆಂದು. ಅದನ್ನು ಆ ದಿನವೇ ಒಡೆದು ಹೂತುಬಿಡಿ. ಮಸೂರ ಕೂಡಿಸಿದ ಬಿಸಿಲಿಗೆ ಅದು ಬಿರಿದರೆ ಕಣ್ಣು ಹೋಗಲು ಕ್ಷಣ ಸಾಕು. ಸೂರ್ಯನಿಗೆ ಹಾಕುವ ಶೋಧಕ ಕೊಳವೆಯ ಮುಂದಿನ ಬಾಯಿಗೆ, ಬಿಸಿಲು ಒಳಗೆ ಹೋಗುವ ಮೊದಲೇ ಇರಬೇಕು. ೨೦೧೯ರ ಡಿಸೆಂಬರ್ ೨೬ರ ಬೆಳಗ್ಗೆ ಒಂಬತ್ತೂವರೆಗೆ ಮೊದಲು ಕಂಕಣ ಸೂರ್ಯಗ್ರಹಣ ನಮ್ಮ ಸೀಮೆಯ ಮೇಲೆಯೇ ಹಾದುಹೋಯಿತಲ್ಲ, ಆಗ ಯಾವ ದೂರದರ್ಶಕವೂ ಇಲ್ಲದವರು ಮರದ ನೆರಳನ್ನು ನೋಡಿದರೆ ಸಾಕಿತ್ತು. ಎಲೆಗಳ ಸಂದಿಯಿಂದ ಇಳಿದ ಬೆಳಕಿನ ಚೂರುಗಳೆಲ್ಲ ಬಳೆಗಳಾಗಿದ್ದವು.

ಕಂಪ್ಯೂಟರಿನಿಂದ ತಾನಾಗಿಯೇ ನಕ್ಷತ್ರ ಹುಡುಕುವವು, ಮೊಬೈಲಿಗೆ ಚಿತ್ರ ಕಳುಹಿಸುವವು ಈಗ ಬಂದಿವೆ. ಒಳ್ಳೆಯವೇ. ಆದರೆ ಅಷ್ಟೇ ದುಡ್ಡಿಗೆ ಅವುಗಳಲ್ಲಿ ಸಿಗುವ ಕನ್ನಡಿ ಚಿಕ್ಕದು, ಕೆಟ್ಟರೆ ಸರಿಪಡಿಸುವವರು ವಿಟ್ಲದಲ್ಲಿಲ್ಲ.

ದುಡ್ಡು ಕೊಡುವ ಮೊದಲು ಬೇರೆಯವರ ದೂರದರ್ಶಕದಲ್ಲಿ ಒಮ್ಮೆ ಕಣ್ಣಿಟ್ಟು ನೋಡಿ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದವರು ಸಾರ್ವಜನಿಕರಿಗೆ ಆಕಾಶ ತೋರಿಸುವ ಕೆಲಸ ಮಾಡಿಕೊಂಡು ಬಂದಿದ್ದಾರೆ. ಮಂಗಳೂರಿನ ಪಿಲಿಕುಳದಲ್ಲಿ ೨೦೧೮ರಲ್ಲಿ ತಾರಾಲಯವೂ ಆರಂಭವಾಗಿದೆ. ಈ ವಿಷಯ ಬಲ್ಲವರು ಅಲ್ಲಿ ಸಿಗುತ್ತಾರೆ. ಶನಿಯನ್ನು ತೋರಿಸಲು ಕೇಳಿಕೊಳ್ಳಿ. ೨೦೨೫ರಲ್ಲಿ ಅದರ ಬಳೆಗಳು ಅಂಚಿನಿಂದ ಕಂಡು ಬರಿಯ ಗೆರೆಯಂತಾಗಿದ್ದವು. ಇನ್ನು ಮುಂದಿನ ವರ್ಷಗಳಲ್ಲಿ ತೆರೆದುಕೊಳ್ಳುತ್ತ ಹೋಗುತ್ತವೆ. ಕೊಳ್ಳುವ ಅಂಗಡಿಯಲ್ಲಾದರೆ ಎರಡು ಪರೀಕ್ಷೆ ಮಾಡಿ. ಕೊಳವೆಯನ್ನು ನೆತ್ತಿಯತ್ತ ಎತ್ತಿ ಕೈಬಿಡಿ. ಬಿಟ್ಟಲ್ಲಿಯೇ ನಿಲ್ಲಬೇಕು, ಜಾರಬಾರದು. ದೂರದ ಒಂದು ದೀಪವನ್ನೋ ಗೋಪುರದ ತುದಿಯನ್ನೋ ಹಿಡಿದು, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಬಿಂಬದ ನಡುಕ ನಿಲ್ಲುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ. ಮೂರಕ್ಕೂ ನಿಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಎಷ್ಟು ಪಟ್ಟು ಎಂದು ಬರೆದಿದ್ದರೂ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.